ಪರವಾನಗಿಯ ಅವಧಿ ಮತ್ತು ಅನುವಾದದ ಭಾಷೆ: ಅನಿಮೆಯ ಅಭಿಮಾನಿ ಉಪಶೀರ್ಷಿಕೆಗಳನ್ನು ಕುರಿತು

ಜಪಾನಿನ ಅನಿಮೆ ಸರಣಿಗಳಿಗೆ ಅಭಿಮಾನಿಗಳು ರಚಿಸಿದ ಇಂಗ್ಲಿಷ್ ಉಪಶೀರ್ಷಿಕೆಗಳನ್ನು ಅನುವಾದಮೀಮಾಂಸೆಯು ಹೆಚ್ಚಾಗಿ ಶೈಲಿಯ ಪ್ರಶ್ನೆಯೆಂದೇ ಪರಿಗಣಿಸಿದೆ. ಅಬೆ ಮಾರ್ಕ್ ನಾರ್ನೆಸ್ ಅವರ 1999ರ ಪ್ರಸಿದ್ಧ ಲೇಖನವು, ವೃತ್ತಿಪರ ಉಪಶೀರ್ಷಿಕೆಯು ಮೂಲದ ಪರಕೀಯತೆಯನ್ನು ಅಳಿಸಿಹಾಕುತ್ತದೆಂದು ಆಕ್ಷೇಪಿಸಿ, ಬಣ್ಣದ ಅಕ್ಷರಗಳನ್ನೂ ಪರದೆಯ ಮೇಲಿನ ಅರ್ಥಟಿಪ್ಪಣಿಗಳನ್ನೂ ಬಳಸುವ ಅಭಿಮಾನಿಗಳಲ್ಲಿ ಬೇರೊಂದು ದಾರಿಯನ್ನು ಕಂಡಿತು. ಈ ವಾದದಲ್ಲಿ ಹುರುಳಿದೆ; ಆದರೆ ಆ ಸ್ವಾತಂತ್ರ್ಯವು ಎಲ್ಲಿಂದ ಬಂದಿತೆಂಬುದನ್ನು ಅದು ಕೇಳುವುದಿಲ್ಲ.

ಅನಿಮೆಯೊಂದರ ಒಡೆತನ ಸಾಮಾನ್ಯವಾಗಿ ನಿರ್ಮಾಣ ಸಮಿತಿಯದು: ಪ್ರಕಾಶಕರು, ದೂರದರ್ಶನ ವಾಹಿನಿ, ಧ್ವನಿಮುದ್ರಣ ಸಂಸ್ಥೆ, ಆಟಿಕೆ ತಯಾರಕರು ಅದರಲ್ಲಿ ಪಾಲುದಾರರು. ವಿದೇಶಿ ಹಕ್ಕುಗಳನ್ನು ಪ್ರದೇಶ, ಅವಧಿ, ಮಾಧ್ಯಮ, ಭಾಷೆಗಳೆಂದು ಹೋಳುಮಾಡಿ ಮಾರಲಾಗುತ್ತದೆ. ಹಿಂದೆ ಜಪಾನಿನ ಪ್ರಸಾರಕ್ಕೂ ಅಮೆರಿಕದ ಪರವಾನಗಿಗೂ ನಡುವೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆಯುತ್ತಿದ್ದವು. ವಿಎಚ್‌ಎಸ್ ಸುರುಳಿಗಳ ಕಾಲದ ಅಭಿಮಾನಿ ಅನುವಾದ ಹುಟ್ಟಿದ್ದು ಈ ಬಿಡುವಿನಲ್ಲಿ. ಪರವಾನಗಿ ದೊರೆತೊಡನೆ ಹಂಚಿಕೆ ನಿಲ್ಲಿಸಬೇಕೆಂಬುದು ಅವರೇ ಹಾಕಿಕೊಂಡ ಕಟ್ಟಳೆ. ಎಲ್ಲರೂ ಅದನ್ನು ಪಾಲಿಸಲಿಲ್ಲವೆಂಬುದು ಬೇರೆ ಮಾತು. ಅಂತಹ ಅನುವಾದದ ಓದುಗರು ಕಾಯಲೊಲ್ಲದ, ಜಪಾನೀತನವನ್ನೇ ಬಯಸಿ ಬಂದ ಕೆಲವರು. ‘-ಸಾನ್’, ‘-ಕುನ್’, ‘ಸೆನ್ಪಾಯ್’ಗಳು ಅನುವಾದಗೊಳ್ಳದೆ ಉಳಿದದ್ದು ಅನುವಾದಕನ ಸಿದ್ಧಾಂತದಿಂದ ಎನ್ನುವುದಕ್ಕಿಂತ ಇಂತಹ ಓದುಗರಿಂದ.

2004ರ ಡಿಸೆಂಬರಿನಲ್ಲಿ ಜಪಾನಿನ ಮೀಡಿಯಾ ಫ್ಯಾಕ್ಟರಿ ತನ್ನ ಕೃತಿಗಳ ಹಂಚಿಕೆಯನ್ನು ನಿಲ್ಲಿಸುವಂತೆ ವಕೀಲರ ಮೂಲಕ ಪತ್ರ ಬರೆಸಿದಾಗ ಅಭಿಮಾನಿಗಳ ಕಟ್ಟಳೆಯ ದೌರ್ಬಲ್ಯ ಬಯಲಾಯಿತು. ಅವರು ‘ಇನ್ನೂ ಯಾರದೂ ಅಲ್ಲ’ ಎಂದು ಭಾವಿಸಿದ್ದ ಬಿಡುವು ಹಕ್ಕುದಾರರ ಲೆಕ್ಕದಲ್ಲಿ ಇರಲೇ ಇಲ್ಲ. ಆದರೂ ಬಿಡುವನ್ನು ಮುಚ್ಚಿದ್ದು ನ್ಯಾಯಾಲಯವಲ್ಲ, ವೇಗ. ಬಳಕೆದಾರರು ಅನಧಿಕೃತವಾಗಿ ಏರಿಸಿದ ಕಡತಗಳಿಂದಲೇ 2006ರಲ್ಲಿ ಬೆಳೆಯತೊಡಗಿದ್ದ ಕ್ರಂಚಿರೋಲ್, 2009ರ ಜನವರಿಯಲ್ಲಿ ಟಿವಿ ಟೋಕಿಯೊ ಒಪ್ಪಂದದೊಂದಿಗೆ ‘ನರುಟೊ ಶಿಪ್ಪುಡೆನ್’ ಸರಣಿಯನ್ನು ಜಪಾನಿನ ಪ್ರಸಾರದ ಬೆನ್ನಿಗೇ ಅಧಿಕೃತ ಉಪಶೀರ್ಷಿಕೆಯೊಡನೆ ನೀಡತೊಡಗಿತು. ಮುಂದೆ ಅನೇಕ ಅನಧಿಕೃತ ಗುಂಪುಗಳು ಅನುವಾದವನ್ನೇ ಬಿಟ್ಟು ಅಧಿಕೃತ ಪಠ್ಯವನ್ನು ನಕಲಿಸಿ ಹಂಚಿದವು. ನಕಲು ಉಳಿಯಿತು, ಅನುವಾದ ಕ್ಷೀಣಿಸಿತು. ಭಾಷಾವಿಜ್ಞಾನಿಗೆ ಮುಖ್ಯವಾದ ನಷ್ಟ ಇದು.

ಕಳೆದುಹೋದದ್ದೆಲ್ಲ ಅಮೂಲ್ಯವೆಂದು ನಾನು ಹೇಳಲಾರೆ. ‘ವನ್ ಪೀಸ್’ ಸರಣಿಯ ‘ನಕಾಮಾ’ ಪದವನ್ನು ಅನುವಾದಾತೀತವೆಂದು ಅಭಿಮಾನಿಗಳು ಹಾಗೆಯೇ ಉಳಿಸಿಕೊಂಡರು. ಜಪಾನಿಯಲ್ಲಿ ಅದು ದಿನಬಳಕೆಯ ಮಾತು. ಕನ್ನಡದ ‘ಸಂಗಡಿಗ’ ಬಹುಪಾಲು ಸಂದರ್ಭಗಳಲ್ಲಿ ಅದರ ಕೆಲಸವನ್ನು ಮಾಡೀತು. ಇಲ್ಲಿ ಸಾಧಿತವಾದದ್ದು ಮೂಲನಿಷ್ಠೆಯಲ್ಲ, ಮೂಲದಲ್ಲಿಲ್ಲದ ಒಂದು ನಿಗೂಢತೆ.

ಗೌರವಸೂಚಕಗಳ ಮಾತೇ ಬೇರೆ. ಹೆಸರಿಗೆ ಅಂಟುವ ‘-ಸಾನ್’ ಇಂಗ್ಲಿಷಿನಲ್ಲಿ ಪರಕೀಯವೆನಿಸುವುದು ಆ ಭಾಷೆಯಲ್ಲಿ ಅಂತಹ ಸ್ಥಾನವಿಲ್ಲದಿರುವುದರಿಂದ. ‘ರಾಮಣ್ಣ’, ‘ಸೀತಮ್ಮ’, ‘ರಾಯರು’ ಎನ್ನುವವರಿಗೆ ಆ ಸ್ಥಾನ ಅಪರಿಚಿತವೇನಲ್ಲ. ಎಂದರೆ ನಾರ್ನೆಸ್ ಮೆಚ್ಚಿದ ಪರಕೀಯತೆಯನ್ನು ಅಳೆದದ್ದು ಇಂಗ್ಲಿಷಿನ ಕೋಲಿನಿಂದ. ಇಂಗ್ಲಿಷ್ ಉಪಶೀರ್ಷಿಕೆಯ ಮೂಲಕ ಅನಿಮೆಯನ್ನು ನೋಡುವ ಕನ್ನಡಿಗನಾದರೋ, ತನ್ನ ಭಾಷೆಯಲ್ಲಿ ಸಲೀಸಾಗಿ ಸಲ್ಲಬಹುದಾಗಿದ್ದ ‘ನೀನು–ನೀವು’ಗಳ ಅಂತರವನ್ನು ಒಂದೇ ಸರ್ವನಾಮದ ಹಿಂದಿನಿಂದ ಊಹಿಸಿಕೊಳ್ಳಬೇಕಾಗುತ್ತದೆ.

ಕ್ರಂಚಿರೋಲ್ ಭಾರತದಲ್ಲಿ ಹಿಂದಿ, ತಮಿಳು, ತೆಲುಗು ಧ್ವನಿಗಳನ್ನು ಒದಗಿಸುತ್ತಿದೆ. ಪ್ರದೇಶವೊಂದರ ಹಕ್ಕು ಮಾರಾಟವಾದ ಮಾತ್ರಕ್ಕೆ ಅಲ್ಲಿನ ಭಾಷೆಗಳಿಗೆಲ್ಲ ಅನುವಾದ ದೊರೆಯುವುದಿಲ್ಲ. ಹಳೆಯ ಕಟ್ಟಳೆಯಂತೆ ಅಂತಹ ದೇಶದಲ್ಲಿ ಅಭಿಮಾನಿಯು ಕೈಚೆಲ್ಲಬೇಕು. ಆದರೆ ಆ ಕಟ್ಟಳೆಯು ಅಧಿಕೃತ ಅನುವಾದ ಇಂದಲ್ಲ ನಾಳೆ ಬರುತ್ತದೆಂಬ ಭರವಸೆಯ ಮೇಲೆ ನಿಂತಿತ್ತು. ಸರದಿಯಲ್ಲೇ ಇಲ್ಲದ ಭಾಷೆಗೆ ಆ ನಾಳೆ ಯಾವುದೆಂಬುದನ್ನು ಪರವಾನಗಿಪತ್ರವೂ ಹೇಳುವುದಿಲ್ಲ, ಅಭಿಮಾನಿಗಳ ಕಟ್ಟಳೆಯೂ ಹೇಳುವುದಿಲ್ಲ.