ಕಬ್ಬಿಣದ ಭಿಕ್ಷೆ: ಕೆಲವು ರಾಕ್ ಹಾಗೂ ಮೆಟಲ್ ಧ್ವನಿಮುದ್ರಿಕೆಗಳ ವಿಮರ್ಶೆ

ಪಾಠಪಟ್ಟಿಯಲ್ಲಿ ಸ್ಥಾನವಿಲ್ಲದ ಸಂಗೀತವೊಂದನ್ನು ಶಿಕ್ಷಕರ ಸಂಚಿಕೆಯಲ್ಲಿ ವಿಮರ್ಶೆಗೆ ಎತ್ತಿಕೊಳ್ಳುವುದು ಉಚಿತವೆ ಎಂದು ಬೋಧಕ ಬಂಧುಗಳಲ್ಲಿ ಕೆಲವರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ಆದರೆ ದಿಂಬಂ ಘಟ್ಟದ ಇಪ್ಪತ್ತೇಳು ತಿರುವುಗಳನ್ನು ಹತ್ತಿ ಬರಲು ಹಿಂದೆ ಪುಸ್ತಕಕ್ಕೂ ದಿನಗಳು ಬೇಕಾಗುತ್ತಿದ್ದ ತಾಳವಾಡಿ ಸೀಮೆಗೆ, ಈಗ ಲೋಕದ ಎಲ್ಲ ಸದ್ದೂ ಮೊಬೈಲಿನ ಮೂಲಕ ಕ್ಷಣಮಾತ್ರದಲ್ಲಿ ಬಂದು ಸೇರುತ್ತಿದೆ. ನಮ್ಮ ವಿದ್ಯಾರ್ಥಿಗಳ ಕಿವಿಗೆ ಬೀಳುವುದನ್ನು ನಾವು ಕೇಳದೆ ಇರುವುದು ವಿವೇಕವಲ್ಲ. ಅದನ್ನು ಬರಿಯ ಗದ್ದಲವೆಂದು ತಳ್ಳಿಹಾಕುವುದು ವಿಮರ್ಶೆಯೂ ಅಲ್ಲ. ಪ್ರಕೃತ ಲೇಖನದಲ್ಲಿ ನಾವು ಎತ್ತಿಕೊಂಡಿರುವ ಪ್ರಶ್ನೆ ಒಂದೇ: ಕನ್ನಡ ನಾಡಿನಲ್ಲಿ ಹುಟ್ಟಿದ ಈ ಅಬ್ಬರದ ಸಂಗೀತದಲ್ಲಿ ಕನ್ನಡದ ಮಾತಿಗೆ ದೊರೆತಿರುವ ಸ್ಥಾನ ಯಾವುದು?

ಮೊದಲು ಈ ಸಂಗೀತದ ಹುಟ್ಟನ್ನು ಕುರಿತು ಎರಡು ಮಾತು. ಮೆಟಲ್ ಎಂದರೆ ಲೋಹ. ಈ ಪಂಥದ ಆದ್ಯರೆಂದು ಎಲ್ಲರೂ ಒಪ್ಪುವ ‘ಬ್ಲ್ಯಾಕ್ ಸಬ್ಬತ್’ ತಂಡದ ಮೊದಲ ಮುದ್ರಿಕೆ ಹೊರಬಂದದ್ದು 1970ರಲ್ಲಿ; ಅವರ ಊರು ಇಂಗ್ಲೆಂಡಿನ ಕಾರ್ಖಾನೆಗಳ ನಗರವಾದ ಬರ್ಮಿಂಗ್‌ಹ್ಯಾಮ್. ಗಿಟಾರ್ ವಾದಕ ಟೋನಿ ಅಯೋಮಿ ಹದಿಹರೆಯದಲ್ಲಿ ತಗಡು ಕೆಲಸದ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡವನು. ಎಡಗೈಯಿಂದ ಮೀಟುವ ಅವನಿಗೆ ತಂತಿಯನ್ನು ಒತ್ತಬೇಕಾದದ್ದು ಆ ಕೈಯೇ. ಬೆರಳಿಗೆ ತಾನೇ ಮಾಡಿಕೊಂಡ ಟೊಪ್ಪಿಗಳನ್ನು ತೊಡಿಸಿ, ತೆಳುವಾದ ತಂತಿಗಳನ್ನು ಕಟ್ಟಿ, ಮುಂದೆ ಶ್ರುತಿಯನ್ನೂ ಇಳಿಸಿ ಅವನು ನುಡಿಸಿದ ಆ ತಗ್ಗಿದ, ಭಾರವಾದ ನಾದವೇ ಒಂದು ಪಂಥದ ಗುರುತಾಯಿತು. ಕೂಲಿಕಾರನ ಗಾಯದಿಂದ ಹುಟ್ಟಿದ ನಾದವಿದು. ಅದೇ ದಶಕದ ನಡುವಿನಲ್ಲಿ ತಲೆಯೆತ್ತಿದ ಪಂಕ್ ಎಂಬ ಇನ್ನೊಂದು ಪಂಥ, ಮೂರು ಸ್ವರಮೇಳ ಬಲ್ಲವನೂ ಹಾಡಬಹುದು, ಹೇಳುವ ಸಿಟ್ಟೊಂದಿದ್ದರೆ ಸಾಕು ಎಂದು ಸಾರಿತು. ಸಿನಿಮಾದ ಆಸರೆಯಾಗಲಿ ದೊಡ್ಡ ಕಂಪನಿಗಳ ಬಂಡವಾಳವಾಗಲಿ ಇಲ್ಲದೆ ನಡೆಯುವ ಇಂಥ ಮೇಳಗಳನ್ನೇ ಅಂಡರ್‌ಗ್ರೌಂಡ್ ಎನ್ನುವುದು.

ಭಾರತದಲ್ಲಿ ಈ ಸಂಗೀತಕ್ಕೆ ದೊಡ್ಡ ನೆಲೆ ಬೆಂಗಳೂರು. 2007ರ ಮಾರ್ಚಿಯಲ್ಲಿ ‘ಐರನ್ ಮೇಡನ್’, 2011ರ ಅಕ್ಟೋಬರಿನಲ್ಲಿ ‘ಮೆಟಾಲಿಕಾ’ ಅಲ್ಲಿನ ಅರಮನೆ ಮೈದಾನದಲ್ಲಿ ಹಾಡಿದವು. ಆದರೆ ನಗರದ ಸ್ವಂತ ತಂಡಗಳು ಅದಕ್ಕೂ ಮೊದಲೇ ಹುಟ್ಟಿದ್ದವು.

ಅವುಗಳಲ್ಲಿ ‘ಕ್ರಿಪ್ಟೋಸ್’ ಮುಖ್ಯವಾದುದು. 1998ರಲ್ಲಿ ಆರಂಭವಾಗಿ, 2004ರಲ್ಲಿ ‘ಸ್ಪೈರಲ್ ಅಸೆಂಟ್’ ಎಂಬ ಮೊದಲ ಮುದ್ರಿಕೆಯನ್ನು ತಂದ ಈ ತಂಡ, 2024ರಲ್ಲಿ ‘ಡೆಸಿಮೇಟರ್’ ಎಂಬ ಏಳನೆಯದನ್ನು ಹೊರತಂದಿತು. ಇಪ್ಪತ್ತು ವರ್ಷಗಳ ಕಾಲ ಒಂದೇ ದಾರಿಯನ್ನು ಬಿಡದೆ ಹಿಡಿದವರ ಹದ ಇದರಲ್ಲಿದೆ. ಎರಡು ಗಿಟಾರುಗಳು ಜೋಡೆತ್ತಿನಂತೆ ಹೆಜ್ಜೆ ಕೂಡಿಸಿ ನಡೆಯುವುದು, ಹಾಡಿನ ಮಧ್ಯದಲ್ಲಿ ರಾಗದ ಎಳೆಯೊಂದನ್ನು ಒಬ್ಬರ ಕೈಯಿಂದ ಇನ್ನೊಬ್ಬರು ತೆಗೆದುಕೊಳ್ಳುವುದು, ಕರ್ಕಶ ಕಂಠ ಅದರ ಮೇಲೆ ಗೀರು ಹಾಕಿದಂತೆ ಸಾಗುವುದು, ಇವೆಲ್ಲ 1980ರ ದಶಕದ ಯೂರೋಪಿನ ಮಾದರಿಯನ್ನು ನಿಷ್ಠೆಯಿಂದ ಅರಗಿಸಿಕೊಂಡುದರ ಫಲ. ಕಸುಬಿನಲ್ಲಿ ಕೊರತೆಯಿಲ್ಲ. ಆದರೆ ಕಣ್ಣು ಮುಚ್ಚಿ ಕೇಳಿದವನಿಗೆ ಇದು ಬೆಂಗಳೂರೋ ಬರ್ಲಿನ್ನೋ ತಿಳಿಯದು. ಮಾತೆಲ್ಲ ಇಂಗ್ಲಿಷ್, ಕತ್ತಿ, ಇರುಳು, ಉಕ್ಕು ಮುಂತಾದ ಪ್ರತಿಮೆಗಳೂ ಆ ಪಂಥದ ಉಗ್ರಾಣದಿಂದಲೇ ಬಂದವು. ಇದನ್ನು ದೋಷವೆಂದು ನಾವು ಹೇಳುವುದಿಲ್ಲ. ಕಲಾವಿದ ತನ್ನ ಭಾಷೆಯನ್ನು ತಾನೇ ಆರಿಸಿಕೊಳ್ಳತಕ್ಕವನು. ಮಿತಿಯೆಂದು ಮಾತ್ರ ಹೇಳದೆ ವಿಧಿಯಿಲ್ಲ.

‘ಬೇವರ್ ಸೀ’ ಎಂಬ ಇನ್ನೊಂದು ಬೆಂಗಳೂರು ತಂಡದ ವಿಷಯ ಇನ್ನೂ ಸ್ವಾರಸ್ಯವಾದುದು. ಇಂಗ್ಲಿಷ್ ಹೆಸರಿನಂತೆ ಬರೆದರೂ ಕೂಡಿಸಿ ಓದಿದರೆ ಅದು ನಮ್ಮ ‘ಬೇವರ್ಸಿ’ಯೇ. ಅವರ ಮೊದಲ ಮುದ್ರಿಕೆ ಬಂದದ್ದು 2012ರಲ್ಲಿ. ಅದರ ಹಾಡುಗಳಲ್ಲಿ ಒಂದರ ಹೆಸರು ‘ಅಬಿಷ್ಟು’. ನಡಿಗೆ ಬಹಳ ನಿಧಾನ. ಕೆಸರಿನಲ್ಲಿ ಹೂತ ಗಾಡಿಯ ಗಾಲಿ ಒಂದೊಂದೇ ಸುತ್ತು ತಿರುಗುವಂತೆ ಗಿಟಾರಿನ ವಾಕ್ಯ ಮರಳಿ ಮರಳಿ ಬರುತ್ತದೆ. ಆ ಪುನರಾವೃತ್ತಿಯಿಂದಲೇ ಒಂದು ಆವೇಶ ಮೈಗೂಡುತ್ತದೆ. 2015ರ ‘ಇನ್ವೋಕ್ ದಿ ಬಿಜಾರ್’ ಎಂಬ ಎರಡನೆಯ ಮುದ್ರಿಕೆಗಿಂತ ಈ ಮೊದಲನೆಯದೇ ನಮ್ಮ ವಾದಕ್ಕೆ ಹತ್ತಿರವಾದುದು. ಏಕೆಂದರೆ ತಂಡದ ಹೆಸರು ಬೀದಿಗನ್ನಡದ ಬೈಗುಳ, ಹಾಡೊಂದರ ಹೆಸರೂ ಬೀದಿಗನ್ನಡದ ಬೈಗುಳ, ಆದರೆ ಹಾಡಿನ ಒಡಲು ಇಂಗ್ಲಿಷ್. ಬೈಯುವುದಕ್ಕೆ ಕನ್ನಡ, ಹಾಡುವುದಕ್ಕೆ ಇಂಗ್ಲಿಷ್ ಎಂಬ ಈ ವಿಭಾಗ ಒಂದು ಕಾಲದ ಲಕ್ಷಣವೆಂದೇ ನಾವು ತಿಳಿಯುತ್ತೇವೆ. ಸಿಟ್ಟು ಬಂದಾಗ ಬಾಯಿಗೆ ಬರುವ ಭಾಷೆಯೇ ತಾಯಿಭಾಷೆ. ಈ ತರುಣರ ತಾಯಿಭಾಷೆ ಬೇರೆ ಬೇರೆಯಾಗಿರಬಹುದು. ಅವರ ಬೀದಿಯ ಭಾಷೆ ಕನ್ನಡವೆಂಬುದಂತೂ ಹೆಸರಿನಿಂದಲೇ ಸಿದ್ಧವಾಗುತ್ತದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು: ಕನ್ನಡದ ಜಾಯಮಾನಕ್ಕೆ ಈ ಸಂಗೀತ ಒಗ್ಗದು, ಆದ್ದರಿಂದಲೇ ಅವರು ಇಂಗ್ಲಿಷನ್ನು ಹಿಡಿದರು ಎಂದು. ಇದನ್ನು ಛಂದಸ್ಸಿನ ದೃಷ್ಟಿಯಿಂದ ಪರಿಶೀಲಿಸಬೇಕು. ಇಂಗ್ಲಿಷಿನ ಲಯ ನಿಂತಿರುವುದು ಒತ್ತಿನ ಮೇಲೆ. ಕಿರುಚಿದರೂ ಒತ್ತು ಉಳಿಯುತ್ತದೆ, ಅರ್ಥ ಅಷ್ಟಾಗಿ ಕೆಡುವುದಿಲ್ಲ. ಕನ್ನಡದಲ್ಲಿ ಹ್ರಸ್ವ ದೀರ್ಘಗಳೂ ದ್ವಿತ್ವವೂ ಅರ್ಥವನ್ನೇ ನಿರ್ಣಯಿಸುತ್ತವೆ. ‘ಬಿಡು’ ಎಳೆದರೆ ‘ಬೀಡು’, ‘ಕಾಡು’ ಮೊಟಕಾದರೆ ‘ಕಡು’, ‘ಕತೆ’ಗೆ ಒತ್ತು ಬಿದ್ದರೆ ‘ಕತ್ತೆ’. ಆದುದರಿಂದ ಅತಿವೇಗದ ಮೆಟಲಿನಲ್ಲಿ ಕನ್ನಡದ ಮಾತು ಪುಡಿಯಾಗುವ ಭಯ ನಿಜ. ಆದರೆ ನಿಧಾನಗತಿಯ ಪ್ರಕಾರಕ್ಕೆ ಈ ಆಕ್ಷೇಪ ಸಲ್ಲದು. ನಮ್ಮ ತ್ರಿಪದಿಯೂ ಜನಪದದ ಬಹುಪಾಲು ಹಾಡುಗಬ್ಬಗಳೂ ಅಂಶಗಣದವು. ಅಂಶಗಣವೆಂದರೆ ಎಳೆದರೆ ಹಿಗ್ಗುವ, ಬಿಟ್ಟರೆ ಕುಗ್ಗುವ ಗಣ. ಮಾತ್ರೆಯ ಲೆಕ್ಕ ಹಾಡುವವನ ಉಸಿರಿಗೆ ಸೇರಿದುದು. ಬೇವರ್ ಸೀ ತಂಡದ ಆ ಹೂತ ಗಾಡಿಯ ನಡಿಗೆಗೆ ಅಂಶಗಣದಷ್ಟು ಹೊಂದುವ ಬಂಧ ಮತ್ತೊಂದಿಲ್ಲವೆಂಬುದು ನಮ್ಮ ಅಭಿಮತ. ಆದುದರಿಂದ ಅಡ್ಡಿಯಿರುವುದು ಭಾಷೆಯಲ್ಲಿ ಅಲ್ಲ.

ಕನ್ನಡವನ್ನೇ ಹಾಡಿದ ರಾಕ್ ತಂಡಗಳು ಇಲ್ಲದಿಲ್ಲ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರ 2008ರ ಮುದ್ರಿಕೆಯಲ್ಲಿ ಶಿಶುನಾಳ ಶರೀಫರ ಗುಡುಗುಡಿಯ ಪದವಿದೆ. ಗಿಟಾರಿನ ಸದ್ದಿನ ನಡುವೆಯೂ ಮಾತು ಒಂದೊಂದೂ ಸ್ಪಷ್ಟವಾಗಿ ಕೇಳುತ್ತದೆ. ಇದು ದೊಡ್ಡ ಗುಣ. ಶರೀಫರನ್ನು ಸಿ. ಅಶ್ವತ್ಥರ ಗಾಯನದಿಂದ ಅರಿತಿದ್ದ ನಾಡಿಗೆ, ಅದೇ ಕವಿಯನ್ನು ಬೇರೆ ವೇಷದಲ್ಲಿ ತೋರಿಸಿ ಹೊಸ ತಲೆಮಾರಿನವರ ಬಾಯಿಗೆ ತಂದ ಶ್ರೇಯಸ್ಸು ಅವರದು. ಆದರೆ ಹಾಡು ಕುಣಿಸುವಷ್ಟು ಕುಟುಕುವುದಿಲ್ಲ. ಗುಡುಗುಡಿಯ ನೆವದಲ್ಲಿ ದೇಹ, ಮನಸ್ಸು, ದುರ್ಗುಣಗಳನ್ನು ಸುಟ್ಟುಹಾಕೆನ್ನುವ ತತ್ತ್ವಪದದ ಉರಿ, ಚಪ್ಪಾಳೆಯ ಲಯದಲ್ಲಿ ಬೆಚ್ಚಗಿನ ಹೊಗೆಯಾಗಿ ಉಳಿಯುತ್ತದೆ. ಅವರ ತಮ್ಮ ವಾಸು ದೀಕ್ಷಿತರು ಹಾಡುವ ‘ಸ್ವರಾತ್ಮ’ ತಂಡದ 2009ರ ಮೊದಲ ಮುದ್ರಿಕೆಯಲ್ಲಿ ‘ಈ ಭೂಮಿ’ ಎಂಬ ಕನ್ನಡ ಹಾಡಿದೆ. ಅದೇ ಮುದ್ರಿಕೆಯ ‘ಪ್ಯಾಸಿ’ ಎಂಬ ಹಾಡಿನ ವಸ್ತು ಕಾವೇರಿಯ ನೀರಿನ ಜಗಳ. ನದಿಯ ಪಾಡನ್ನು ನೆನೆಯುವ ಆ ಹಾಡಿನ ಕಳಕಳಿ ಸಾಚಾ. ಆದರೆ ಹಾಡು ಹಿಂದಿಯಲ್ಲಿದೆ. ಕನ್ನಡಿಗನೂ ತಮಿಳನೂ ತಂತಮ್ಮದೆಂದು ಕಾದಾಡಿದ ನದಿ ಇಬ್ಬರಿಗೂ ಮನೆಮಾತಲ್ಲದ ಭಾಷೆಯಲ್ಲಿ ಬಾಯಿಬಿಡುವುದು ಎರಡು ಸೀಮೆಯ ನಡುವೆ ಬಾಳುವ ನಮಗೆ ವಿಚಿತ್ರವಾಗಿ ಕೇಳುತ್ತದೆ. ದೇಶಕ್ಕೆಲ್ಲ ಮುಟ್ಟಲೆಂಬ ಉದ್ದೇಶವಿದ್ದಿರಬಹುದು. ಮುಟ್ಟಬೇಕಾದವರು ಮಾತ್ರ ಕಾವೇರಿಯ ದಡದವರೇ.

ನೆರೆಹೊರೆಯವರು ಏನು ಮಾಡಿದ್ದಾರೆಂಬುದನ್ನು ನೋಡಿದರೆ ನಮ್ಮ ಕೊರತೆ ಸ್ಪಷ್ಟವಾಗುತ್ತದೆ. ಕೇರಳದ ‘ಅವಿಯಲ್’ ತಂಡ 2008ರಲ್ಲಿಯೇ ಮಲಯಾಳದ ಮಾತಿನಿಂದಲೇ ತುಂಬಿದ ರಾಕ್ ಮುದ್ರಿಕೆಯನ್ನು ಕೊಟ್ಟಿತು. ದೆಹಲಿಯ ‘ಬ್ಲಡಿವುಡ್’ 2022ರ ‘ರಕ್ಷಕ್’, 2025ರ ‘ನು ದೆಲ್ಲಿ’ ಮುದ್ರಿಕೆಗಳಲ್ಲಿ ಮೆಟಲಿನೊಳಕ್ಕೆ ಡೋಲನ್ನೂ ಹಿಂದಿ ಪಂಜಾಬಿ ಮಾತುಗಳನ್ನೂ ತಂದು ಹೊರದೇಶಗಳ ವೇದಿಕೆಗೇರಿತು. ಅದರಲ್ಲಿ ಪ್ರದರ್ಶನದ ಅಂಶ ಹೆಚ್ಚೆಂದು ನಮಗನ್ನಿಸಿದರೂ ಭಾಷೆಯ ಸಂಕೋಚವಿಲ್ಲವೆಂಬುದನ್ನು ಮೆಚ್ಚಬೇಕು. ಎಲ್ಲಕ್ಕಿಂತ ಗಂಭೀರವಾದ ನಿದರ್ಶನ ನಮ್ಮ ರಾಜ್ಯದ ರಾಜಧಾನಿಯದೇ. ಚಿತ್ರನಿರ್ದೇಶಕ ಪಾ. ರಂಜಿತ್ ಮತ್ತು ಸಂಗೀತಗಾರ ತೆನ್ಮಾ ಅವರ ಪ್ರಯತ್ನದಿಂದ ರೂಪುಗೊಂಡ ‘ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್’ 2018ರ ಜನವರಿಯಲ್ಲಿ ಚೆನ್ನೈಯಲ್ಲಿ ಮೊದಲ ಬಾರಿಗೆ ವೇದಿಕೆಯೇರಿತು. ಜಾತಿಯಿಲ್ಲದ ತಮಿಳರು ಎಂದು ಪಂಡಿತ ಅಯೋತ್ತಿದಾಸರು ಬಳಸಿದ ಮಾತಿನಿಂದ ಹೆಸರನ್ನು ಪಡೆದು, ಉತ್ತರ ಚೆನ್ನೈಯ ಗಾನಾ ಹಾಡುಗಾರಿಕೆಯನ್ನೂ ಪರೈ ವಾದ್ಯವನ್ನೂ ರಾಕ್‌ನೊಡನೆ ಕೂಡಿಸಿ ಅದು ಜಾತಿಯನ್ನು ಪ್ರಶ್ನಿಸಿತು. ಸಾವಿನ ಮನೆಯ ವಾದ್ಯವೆಂದು ದೂರವಿಟ್ಟ ಪರೈ ಅಲ್ಲಿ ಮುಂದಿನ ಸಾಲಿಗೆ ಬಂತು. ಸಿಟ್ಟು, ಭಾಷೆ, ವಾದ್ಯ ಈ ಮೂರೂ ಒಂದೇ ಮಣ್ಣಿನವಾದಾಗ ಬರುವ ಬಲವನ್ನು ಅಲ್ಲಿ ಕಾಣಬಹುದು.

ಆ ಬಲಕ್ಕೆ ಬೇಕಾದ ಸಾಮಗ್ರಿ ಕನ್ನಡದಲ್ಲಿ ಇಲ್ಲವೆ? ನಮ್ಮ ಬೆಟ್ಟಗಳಲ್ಲೇ ಇದೆ. ಮಾದಪ್ಪನ ಗುಡ್ಡರು ಹಿಡಿಯುವ ಕಂಸಾಳೆ ಹೆಸರಿನಿಂದಲೇ ಕಂಚಿನ ತಾಳ, ಅಂದರೆ ಲೋಹವಾದ್ಯ. ಮಂಟೇಸ್ವಾಮಿಯ ಕಾವ್ಯವನ್ನು ನೀಲಗಾರರು ತಂಬೂರಿ, ಡಕ್ಕೆ, ಗಗ್ಗರಗಳೊಡನೆ ಇಡೀ ಇರುಳು ಹಾಡುತ್ತಾರೆ. ಅದರಲ್ಲಿ ಗುರುವು ಕಲ್ಯಾಣಕ್ಕೆ ಬರುವುದು ಹೊಲಸು ನಾರುವ ರೋಗಿಯ ವೇಷದಲ್ಲಿ. ಶರಣರೆನಿಸಿಕೊಂಡವರು ಮೂಗು ಮುಚ್ಚಿಕೊಂಡು ಅವನನ್ನು ತಿಪ್ಪೆಗೆ ತಳ್ಳುತ್ತಾರೆ. ಸಭ್ಯರ ಸಭೆಗೆ ಕೊಳಕಾಗಿ ಹೋಗಿ ಅವರ ಸಭ್ಯತೆಯನ್ನು ಪರೀಕ್ಷಿಸುವ ಈ ಕ್ರಮಕ್ಕೂ ಪಂಕ್ ಪಂಥದ ಮನೋಧರ್ಮಕ್ಕೂ ಹೋಲಿಕೆಯಿರುವುದನ್ನು ಸಹೃದಯರು ಗಮನಿಸದೆ ಇರಲಾರರು. ಅದೇ ಕಾವ್ಯದಲ್ಲಿ ಸಿದ್ದಪ್ಪಾಜಿಯನ್ನು ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆಗೆ ಕಳುಹುವ ಪ್ರಸಂಗವಿದೆ. ಅನ್ನವನ್ನು ಬೇಡಿದವರುಂಟು, ಕಬ್ಬಿಣವನ್ನು ಬೇಡಿದ ಭಿಕ್ಷುಕ ನಮ್ಮ ಕಾವ್ಯದಲ್ಲಿ ಇವನೊಬ್ಬನೇ ಇರಬೇಕು. ಕೊಡಲೊಲ್ಲದ ಕುಲುಮೆಯವರು ಒಡ್ಡುವ ಕ್ರೂರ ಪರೀಕ್ಷೆಗಳನ್ನು ಗೆದ್ದು ಅವನು ಕಬ್ಬಿಣವನ್ನು ಪಡೆಯುತ್ತಾನೆ. ಲೋಹಸಂಗೀತಕ್ಕೆ ಇದಕ್ಕಿಂತ ಒಪ್ಪುವ ಕಥಾವಸ್ತುವನ್ನು ಬರ್ಮಿಂಗ್‌ಹ್ಯಾಮಿನ ಕುಲುಮೆಯೂ ಕೊಡಲಾರದು. ಬೈಗುಳಕ್ಕೂ ಕೊರತೆಯಿಲ್ಲ: ದೀಪಾವಳಿಯಲ್ಲಿ ಬಲಿಪಾಡ್ಯಮಿಯ ಮರುದಿನ ನಮ್ಮ ಗುಮಟಾಪುರದ ಗೊರೆ ಹಬ್ಬದಲ್ಲಿ ಚಾಡಿಕೋರನನ್ನು ಕತ್ತೆಯೇರಿಸಿ ಮೆರೆಸಿ, ಸಗಣಿಯೆರಚಾಡಿ, ಊರು ತನ್ನ ಕೊಳೆಯನ್ನು ತಾನೇ ನಗುತ್ತ ಹೊರಹಾಕುತ್ತದೆ.

ಈ ವಿಚಾರ ನಮಗೆ ಬರಿಯ ರಸಾಸ್ವಾದದ ಪ್ರಶ್ನೆಯಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲವೂ ತಾಳವಾಡಿಯೂ ಒಂದೇ ಕೊಯಮತ್ತೂರು ಜಿಲ್ಲೆಯವು. ಅಂದು ಸಿದ್ದಪ್ಪಾಜಿಯ ಚಿಕ್ಕಲ್ಲೂರು, ಮಾದಪ್ಪನ ಬೆಟ್ಟಗಳು ಕೊಳ್ಳೇಗಾಲದೊಡನೆ ಮೈಸೂರು ರಾಜ್ಯಕ್ಕೆ ಹೋದವು. ನಾವು ಈಚೆ ಉಳಿದೆವು. 2006ರ ತಮಿಳು ಕಲಿಕೆಯ ಕಾಯ್ದೆಯ ಅನಂತರ, 2006-07ರಲ್ಲಿ ಒಂದನೆಯ ತರಗತಿಯಿಂದ ತೊಡಗಿ ವರ್ಷಕ್ಕೊಂದು ತರಗತಿಯಂತೆ ಹತ್ತನೆಯದರವರೆಗೆ ತಮಿಳು ಕಡ್ಡಾಯ ಪಾಠವಾಯಿತು. ತಮಿಳನ್ನು ಕಲಿಯುವುದರಲ್ಲಿ ನಮಗೆ ಹಗೆಯಿಲ್ಲ. ಅದು ನೆರೆಮನೆಯ ಭಾಷೆ, ಅನ್ನದ ಭಾಷೆ. ಭಯವಿರುವುದು ಬೇರೆ ಕಡೆ. ಶಾಲೆಯಲ್ಲಿ ಕನ್ನಡ ಕಂಠಪಾಠದ ಭಾಷೆಯಾಗಿ, ಸಿಟ್ಟಿಗೆ ಒಂದು, ಹಾಡಿಗೆ ಇನ್ನೊಂದು, ಉದ್ಯೋಗಕ್ಕೆ ಮತ್ತೊಂದು ಭಾಷೆಯಾದರೆ, ಕನ್ನಡಕ್ಕೆ ಉಳಿಯುವುದು ಅಂಕಪಟ್ಟಿಯ ಒಂದು ಸಾಲು ಮಾತ್ರ. ಬೇವರ್ಸಿ ಎಂಬ ಮಾತಿನ ಮೂಲ ‘ಬೇ-ವಾರಿಸ್’, ಅಂದರೆ ವಾರಸುದಾರರಿಲ್ಲದವನು. ಬೆಂಗಳೂರಿನ ತರುಣರು ವಿನೋದಕ್ಕೆ ಇಟ್ಟುಕೊಂಡ ಹೆಸರು ಗಡಿಯ ಕನ್ನಡಕ್ಕೆ ವಿನೋದವಲ್ಲ.

ಆದುದರಿಂದ ನಮ್ಮ ತೀರ್ಮಾನವಿಷ್ಟು. ಕ್ರಿಪ್ಟೋಸ್‌ನ ಕಸುಬು, ಬೇವರ್ ಸೀಯ ತೂಕ, ರಘು ದೀಕ್ಷಿತರ ಉಚ್ಚಾರಶುದ್ಧಿ, ಸ್ವರಾತ್ಮದ ಕಳಕಳಿ ಇವು ಬಿಡಿಬಿಡಿಯಾಗಿ ಕನ್ನಡ ನಾಡಿನಲ್ಲಿ ಸಿದ್ಧವಾಗಿವೆ. ಇವು ಒಂದೆಡೆ ಕೂಡಿದ ಮುದ್ರಿಕೆ ನಾವು ಕೇಳಿದವುಗಳಲ್ಲಿ ಒಂದೂ ಇಲ್ಲ. ಅದನ್ನು ಮಾಡತಕ್ಕವರು ಬೆಂಗಳೂರಿನವರೇ ಆಗಬೇಕೆಂಬ ನಿಯಮವೇನೂ ಇಲ್ಲ. ಬೋಧಕ ಬಂಧುಗಳು ಮಾಡಬಹುದಾದ ಕೆಲಸವೊಂದಿದೆ: ತಂತಮ್ಮ ಊರಿನ ನೀಲಗಾರರನ್ನೂ ಕಂಸಾಳೆಯವರನ್ನೂ ವರ್ಷಕ್ಕೊಮ್ಮೆಯಾದರೂ ಶಾಲೆಗೆ ಕರೆಸಿ ಮಕ್ಕಳ ಮುಂದೆ ಹಾಡಿಸುವುದು, ತ್ರಿಪದಿಯನ್ನು ಪ್ರಸ್ತಾರ ಹಾಕಿಸಿ ಬಿಡದೆ, ಗಣ ಹಿಗ್ಗುವುದನ್ನೂ ಕುಗ್ಗುವುದನ್ನೂ ಬಾಯಲ್ಲಿ ಹಾಡಿಸಿಯೇ ತೋರಿಸುವುದು, ಹುಡುಗನೊಬ್ಬ ಗಿಟಾರನ್ನೋ ಡ್ರಮ್ಮನ್ನೋ ಹಿಡಿದರೆ ಗದರಿಸದೆ, ಹಲಗೂರಿನ ಕಥೆಯನ್ನು ಅವನ ಕಿವಿಗೆ ಹಾಕುವುದು. ಕಬ್ಬಿಣ ನಮ್ಮ ಮನೆಯಲ್ಲಿಯೇ ಬಿದ್ದಿದೆ. ಬೇಡಲು ಬಂದ ಹುಡುಗನನ್ನು ಹಲಗೂರಿನವರಂತೆ ಬಾಗಿಲಲ್ಲಿ ನಿಲ್ಲಿಸದಿದ್ದರೆ ಸಾಕು.