ಸರಾಸರಿಯೊಳಗೆ ಕಾಣೆಯಾದ ಕೇರಿ

ಡಾ. ಡಿ.ಎಂ. ನಂಜುಂಡಪ್ಪನವರ ವರದಿಯನ್ನು ನಮ್ಮ ಸಾಹಿತಿಗಳು ಓದುವುದಿಲ್ಲ. ಅದು ಅರ್ಥಶಾಸ್ತ್ರ, ನಮಗ್ಯಾಕೆ ಅಂತಾರೆ. ಆದರೆ ಬಡತನವನ್ನು ಅಳೆಯುವವನೂ ಬಡವರ ಕತೆಯನ್ನೇ ಬರೆಯುತ್ತಿರುತ್ತಾನೆ. ಆ ಕತೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ಕೇಳುವುದು ವಿಮರ್ಶೆಯ ಕೆಲಸವೇ.

ನಂಜುಂಡಪ್ಪ ಅರ್ಥಶಾಸ್ತ್ರದ ಮೇಷ್ಟ್ರು. ಕರ್ನಾಟಕ ಮತ್ತು ಬೆಂಗಳೂರು ವಿಶ್ವವಿದ್ಯಾಲಯಗಳ ಕುಲಪತಿಯಾಗಿದ್ದವರು. ರಾಜ್ಯ ಯೋಜನಾ ಮಂಡಳಿಯ ಉಪಾಧ್ಯಕ್ಷರಾಗಿದ್ದವರು. 2005ರಲ್ಲಿ ತೀರಿಕೊಂಡರು. ಅವರ ಬದುಕಿನ ದೊಡ್ಡ ಕೆಲಸ ಪ್ರಾದೇಶಿಕ ಅಸಮಾನತೆಯ ಸಮಿತಿಯದು. 2000ದಲ್ಲಿ ರಚನೆಯಾದ ಸಮಿತಿ 2002ರಲ್ಲಿ ವರದಿ ಕೊಟ್ಟಿತು. 35 ಸೂಚಕಗಳನ್ನಿಟ್ಟುಕೊಂಡು ಆಗಿನ 175 ತಾಲ್ಲೂಕುಗಳನ್ನೂ ಅಳೆದರು. ರಾಜ್ಯದ ಸರಾಸರಿ 1. ಅದಕ್ಕಿಂತ ಕೆಳಗೆ ಬಿದ್ದವು 114. ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 26 ಉತ್ತರ ಕರ್ನಾಟಕದವು.

ಇದು ಸಣ್ಣ ಕೆಲಸವಲ್ಲ. ಬೆಂಗಳೂರಿನ ಹೊಳಪು ತೋರಿಸಿ ಇಡೀ ನಾಡೇ ಮುಂದುವರಿದಿದೆ ಅನ್ನುವವರ ಬಾಯಿ ಮುಚ್ಚಿಸಿದ ವರದಿ ಇದು. ರಾಜ್ಯದ ಸರಾಸರಿ ಸುಳ್ಳು ಹೇಳುತ್ತೆ ಅಂತ ತೋರಿಸಿಕೊಟ್ಟವರು ನಂಜುಂಡಪ್ಪ.

ಹಾಗಾದರೆ ತಾಲ್ಲೂಕಿನ ಸರಾಸರಿ ನಿಜ ಹೇಳುತ್ತದೆಯೇ? ನನ್ನ ತಕರಾರು ಇರುವುದು ಇಲ್ಲಿ. ಗೌಡರ ಕಣಜದ ರಾಗಿಯನ್ನೂ ಕೂಲಿಯವಳ ಮಡಕೆಯ ರಾಗಿಯನ್ನೂ ಒಟ್ಟಿಗೆ ಸುರಿದು ಎರಡು ಪಾಲು ಮಾಡಿದರೆ, ಲೆಕ್ಕದಲ್ಲಿ ಕೂಲಿಯವಳೂ ಉಂಡಂತಾಯಿತು. ಅವಳ ಒಲೆ ಮಾತ್ರ ಹೊತ್ತಿರಲ್ಲ.

ನಮ್ಮ ಸೂಲಿಬೆಲೆಯನ್ನೇ ನೋಡಿ. ಹೊಸಕೋಟೆ ತಾಲ್ಲೂಕಿನ ಹೋಬಳಿ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಹಾದು ಹೊಸಕೋಟೆಗೆ ಹೋಗುವ ಹೆದ್ದಾರಿ ನಮ್ಮೂರ ಮೇಲೆಯೇ ಬಂದಿದೆ. ಅಳೆಯುವವನಿಗೆ ರಸ್ತೆ ಅಂದರೆ ಅಭಿವೃದ್ಧಿ. ರಸ್ತೆ ಬಂತು, ಭೂಮಿಗೆ ಚಿನ್ನದ ಬೆಲೆ ಬಂತು. ಪಹಣಿಯಲ್ಲಿ ಹೆಸರಿದ್ದವನಿಗೆ ಅದು ಭಾಗ್ಯ. ಪಹಣಿಯೇ ಇಲ್ಲದವನಿಗೆ? ಉಳುವ ಹೊಲ ಸೈಟಾದರೆ ಕೂಲಿಯೂ ಹೋಯಿತು. ಒಂದೇ ರಸ್ತೆ, ಊರಿಗೊಂದು ಅರ್ಥ, ಕೇರಿಗೊಂದು ಅರ್ಥ. ತಾಲ್ಲೂಕಿನ ಅಂಕಿಯಲ್ಲಿ ಎರಡೂ ಒಂದೇ.

ಇದು ಬರೀ ಲೆಕ್ಕದ ಮಾತಲ್ಲ, ದುಡ್ಡಿನ ಮಾತು. 2013ರಲ್ಲಿ ಪರಿಶಿಷ್ಟರ ಜನಸಂಖ್ಯೆಗೆ ತಕ್ಕಷ್ಟು ಹಣ ತೆಗೆದಿಡುವ ಕಾಯ್ದೆ ಬಂತು. ಒಳ್ಳೆಯದೇ. ಆದರೆ ಅದರೊಳಗೇ 7(ಡಿ) ಅನ್ನುವ ಕಳ್ಳಗಿಂಡಿ ಇತ್ತು. ಎಲ್ಲರಿಗೂ ಸೇರಿದ ಕಾಮಗಾರಿಯ ಖರ್ಚಿನಲ್ಲಿ ಒಂದು ಪಾಲನ್ನು ಪರಿಶಿಷ್ಟರಿಗೇ ಮಾಡಿದ ಖರ್ಚು ಎಂದು ಬರೆದುಕೊಳ್ಳಬಹುದಿತ್ತು. ಸರಾಸರಿಯ ತತ್ವವೇ ಇಲ್ಲಿ ಕಾನೂನಾಗಿ ಕೂತಿತ್ತು. ರಸ್ತೆ ಎಲ್ಲರದು, ಬಿಲ್ಲು ಮಾತ್ರ ಕೇರಿಯ ಹೆಸರಿಗೆ! 2023ರಲ್ಲಿ ಆ ಕಲಂ ಕಿತ್ತುಹಾಕುವ ಹೊತ್ತಿಗೆ ಹತ್ತು ವರ್ಷ ಕಳೆದಿತ್ತು.

2024ರಲ್ಲಿ ಸರ್ಕಾರ ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ಮಾಡಿತು. ಸಮಿತಿಗಳು ಬರಲಿ, ಬೇಡ ಅನ್ನುವುದಿಲ್ಲ. ಆದರೆ ಅಳೆಯುವವರು ಕೇರಿಗೇ ಬರಲಿ. ಶಾಲೆ ಎಷ್ಟಿವೆ ಎನ್ನುವುದರ ಜೊತೆಗೆ ಆ ಶಾಲೆಯಲ್ಲಿ ಹತ್ತನೇ ಕ್ಲಾಸು ದಾಟಿದ ಕೇರಿಯ ಹೆಣ್ಣುಮಕ್ಕಳೆಷ್ಟು ಎಂದೂ ಎಣಿಸಲಿ. ಡೈರಿಗೆ ಹಾಲು ಹಾಕುವವರಲ್ಲಿ ನಮ್ಮವರೆಷ್ಟು, ಪಹಣಿಯಲ್ಲಿ ಎಷ್ಟು ಗುಂಟೆ, ಎಲ್ಲ ಬರೆಯಲಿ.

ಅಷ್ಟು ಸಣ್ಣ ಲೆಕ್ಕ ಸಿಗೋದಿಲ್ಲ ಅಂತಾರೆ. ಓಟಿನ ಹೊತ್ತಿಗೆ ಯಾವ ಬೀದಿಯಲ್ಲಿ ಯಾವ ಜಾತಿಯ ಎಷ್ಟು ಮನೆ ಅನ್ನುವುದು ಬಾಯಿಪಾಠ ಇರುತ್ತಲ್ಲ ಸ್ವಾಮಿ! ನಂಜುಂಡಪ್ಪನವರು ರಾಜ್ಯದಿಂದ ತಾಲ್ಲೂಕಿಗೆ ಇಳಿದು ಬಂದರು. ಅವರನ್ನು ಗೌರವಿಸುವವರು ತಾಲ್ಲೂಕು ಕಚೇರಿಯಲ್ಲೇ ನಿಲ್ಲಬಾರದು.