ಸೆಲ್ ಸತ್ತರೂ ಕೀ ಸಾಯುವುದಿಲ್ಲ

ಭಾರೀ ಮಳೆಯ ಮುನ್ಸೂಚನೆ ಬಂತೆಂದರೆ ಚೆನ್ನೈನ ವೇಲಚೇರಿಯವರು ಗಾಡಿಗಳನ್ನು ಒಯ್ದು ಫ್ಲೈಓವರ್ ಮೇಲೆ ನಿಲ್ಲಿಸುತ್ತಾರೆ. 2015ರ ಡಿಸೆಂಬರಿನ ನೆರೆ, 2023ರ ಮಿಚಾಂಗ್ ಚಂಡಮಾರುತ ಕಲಿಸಿದ ಬುದ್ಧಿ ಅದು. 2024ರ ಅಕ್ಟೋಬರಿನಲ್ಲಿ ಅಲ್ಲಿ ಸಾಲುಗಟ್ಟಿದ ಕಾರುಗಳ ಫೋಟೊ ಊರೂರಿನ ಪತ್ರಿಕೆಗಳಲ್ಲಿ ಬಂದಿತ್ತು. ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಬೈಕಿನಲ್ಲಿ ಬಂದು ನೆಂಟರ ಮನೆಯಲ್ಲಿ ಇಳಿದವರೂ ಹಾಗೇ ಮಾಡುವುದು ಒಳ್ಳೆಯದು. ಆದರೆ ವಾಪಸು ಮೊಣಕಾಲುದ್ದ ನೀರಿನಲ್ಲಿ ನಡೆಯುವಾಗ ಜೇಬಿನಲ್ಲಿ ಸೆಲ್ಲುಳ್ಳ ಸ್ಮಾರ್ಟ್ ಕೀ ಇರುವುದು ಎಷ್ಟು ಜನಕ್ಕೆ ನೆನಪಿರುತ್ತದೆ? ಲೋಹದ ಕೀ ಆದರೆ ಒರೆಸಿಕೊಂಡರೆ ಮುಗಿಯಿತು. ಸ್ಮಾರ್ಟ್ ಕೀಯೊಳಗೆ ನೀರು ಹೊಕ್ಕರೆ ಸೆಲ್ಲಿನ ಸಂಪರ್ಕದ ತಗಡು ಕೆಡಬಹುದು.

ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ 1961ರಲ್ಲಿ ಹೊರಬರತೊಡಗಿದ ಜಾವಾ ಬೈಕುಗಳ ಕೀ ಎಂದರೆ ಹೆಚ್ಚುಕಮ್ಮಿ ತಲೆಯುಳ್ಳ ಒಂದು ಮೊಳೆ. ಒಬ್ಬನ ಗಾಡಿಯದು ಇನ್ನೊಬ್ಬನ ಗಾಡಿಗೂ ಆಗುತ್ತಿತ್ತು. ಕಳ್ಳನಿಗೂ ಅನುಕೂಲ, ಕಳೆದುಕೊಂಡವನಿಗೂ ಅನುಕೂಲ. ಈಗ ಅದರ ಇನ್ನೊಂದು ತುದಿಗೆ ಬಂದಿದ್ದೇವೆ. ಬಿಎಂಡಬ್ಲ್ಯು, ಡುಕಾಟಿ, ಹಾರ್ಲೆಗಳಲ್ಲಿದ್ದ, ಕೀಯನ್ನು ಜೇಬಿನಲ್ಲೇ ಇಟ್ಟು ಗಾಡಿ ಎಬ್ಬಿಸುವ ಕೀಲೆಸ್ ಶೋಕಿ 2023ರ ಜನವರಿಯಲ್ಲಿ ಹೋಂಡಾ ಆ್ಯಕ್ಟಿವಾ ಸ್ಕೂಟರಿಗೂ ಬಂತು. ಕಾರಿಗೆ ಅದು ಸೌಕರ್ಯ, ಒಪ್ಪುತ್ತೇನೆ. ಬೈಕಿಗೆ ಏನು ಲಾಭ ಎಂಬುದು ನನಗಿನ್ನೂ ಹೊಳೆದಿಲ್ಲ. ಕಣ್ಣೆದುರೇ ಇರುವ ತೂತಿಗೆ ಕೀ ಹಾಕುವುದು ಯಾರಿಗೆ ಕಷ್ಟವಾಗಿತ್ತು?

ಇರಲಿ. ದಾರಿಯಲ್ಲಿ ಗಾಡಿ ಕೀಯನ್ನು ಗುರುತಿಸದಿದ್ದರೆ ಗಾಬರಿ ಬೇಡ. ಸಾಮಾನ್ಯವಾಗಿ ನಡೆಯುವುದು ಇಷ್ಟು: ಗಾಡಿ ಕಡಿಮೆ ಆವರ್ತನದ, ಸುಮಾರು 125 ಕಿಲೋಹರ್ಟ್ಸ್‌ನ ಅಲೆಯಲ್ಲಿ ‘ಯಾರಲ್ಲಿ?’ ಎನ್ನುತ್ತದೆ. ಕೀ ತನ್ನ ಸೆಲ್ಲಿನ ಬಲದಿಂದ ಇನ್ನೊಂದು ರೇಡಿಯೊ ಅಲೆಯಲ್ಲಿ ಉತ್ತರ ಕೊಡುತ್ತದೆ. ಸೆಲ್ ಮುಗಿದರೆ ಈ ಉತ್ತರ ನಿಲ್ಲುತ್ತದೆ. ಆದರೆ ಬಹಳಷ್ಟು ಕೀಗಳೊಳಗೆ ಸೆಲ್ಲಿನ ಹಂಗಿಲ್ಲದ ಒಂದು ಚಿಪ್ ಕೂಡ ಇರುತ್ತದೆ. ಗಾಡಿಯ ಆಂಟೆನಾಗೆ ತಾಗುವಷ್ಟು ಹತ್ತಿರ ಹಿಡಿದರೆ ಅದರ ಅಲೆಯಿಂದಲೇ ಚೂರು ವಿದ್ಯುತ್ ಪಡೆದು ತನ್ನ ಗುರುತು ಹೇಳುತ್ತದೆ. ಆ ಆಂಟೆನಾ ಎಲ್ಲಿದೆ ಎಂಬುದೇ ಗುಟ್ಟು. ಒಂದೊಂದು ಮಾಡೆಲ್ಲಿನಲ್ಲಿ ಒಂದೊಂದು ಕಡೆ, ಸೀಟಿನ ಕೆಳಗೋ ಹಿಂಬದಿಯಲ್ಲೋ. ಹಾರ್ಲೆಯಲ್ಲಿ ಐದಂಕಿಯ ಪಿನ್ ಅನ್ನು ಇಂಡಿಕೇಟರ್ ಸ್ವಿಚ್ಚಿನಿಂದಲೇ ಒತ್ತಬಹುದು. ಡುಕಾಟಿಯಲ್ಲೂ ಪಿನ್ ಉಂಟು, ಆದರೆ ಅದನ್ನು ಮೊದಲೇ ನಾವೇ ಹೊಂದಿಸಿಟ್ಟಿರಬೇಕು. ಆದ್ದರಿಂದ ಪ್ರವಾಸ ಹೊರಡುವ ಮುಂಚೆ ಮನೆಯಂಗಳದಲ್ಲೇ ಕೀಯಿಂದ ಸೆಲ್ ತೆಗೆದಿಟ್ಟು ಗಾಡಿ ಎಬ್ಬಿಸಿ ನೋಡಿ. ಟೈರಿನ ಗಾಳಿ ನೋಡಿಕೊಳ್ಳುವವರು ಇದನ್ನು ಯಾಕೆ ಬಿಡುತ್ತಾರೋ ತಿಳಿಯದು.

ಸೆಲ್ ಬಹುತೇಕ ಸಿಆರ್2032. ಹೆಸರಿನಲ್ಲೇ ಅಳತೆಯಿದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಅಂಗಡಿಯವನು ‘ಇದೂ ಆಗುತ್ತೆ ಸಾರ್’ ಎಂದು 2025 ಕೊಟ್ಟರೆ ತೆಗೆದುಕೊಳ್ಳಬೇಡಿ. ಅದು 2.5 ಮಿಲಿಮೀಟರಿನದು, ಗುಂಡಿಗಳುಳ್ಳ ದಾರಿಯಲ್ಲಿ ಅಲುಗಾಡಿ ಸಂಪರ್ಕ ತಪ್ಪುತ್ತದೆ. ಮಲ್ಟಿಮೀಟರ್ ಇಟ್ಟು ‘ಮೂರು ವೋಲ್ಟ್ ತೋರಿಸುತ್ತಿದೆಯಲ್ಲ’ ಎನ್ನುವವರನ್ನೂ ನಂಬಬೇಡಿ. ಹಳೆಯ ಸೆಲ್ಲಿನ ಒಳರೋಧ ಏರಿರುತ್ತದೆ. ಸುಮ್ಮನಿದ್ದಾಗ ವೋಲ್ಟೇಜ್ ಸರಿಯಾಗೇ ಕಾಣುತ್ತದೆ, ಸಿಗ್ನಲ್ ಕಳಿಸುವ ಆ ಕ್ಷಣದ ಭಾರಕ್ಕೆ ಕುಸಿಯುತ್ತದೆ. ಮಕ್ಕಳು ನುಂಗದಿರಲೆಂದು ಕೆಲವು ಕಂಪನಿಗಳು ಸೆಲ್ಲಿಗೆ ಕಹಿ ಲೇಪ ಹಚ್ಚುತ್ತವೆ. ಕೆಲವು ಉಪಕರಣಗಳಲ್ಲಿ ಆ ಲೇಪವೇ ಸಂಪರ್ಕಕ್ಕೆ ಅಡ್ಡಿ, ಹೊಸ ಸೆಲ್ ಹಾಕಿಯೂ ಕೀ ಸುಮ್ಮನಿದ್ದರೆ ಒಮ್ಮೆ ಒರೆಸಿ ನೋಡಿ. ತೆಗೆದ ಹಳೆಯದನ್ನು ಟೇಪು ಸುತ್ತಿ ಎತ್ತಿಡಿ. ನುಂಗಿದ ಮಗುವಿನ ಅನ್ನನಾಳವನ್ನು ಅದು ಎರಡೇ ಗಂಟೆಯಲ್ಲಿ ಸುಡಬಲ್ಲದು.

ಹೊಸ ಸೆಲ್ ಬೇಕೆಂದರೆ, ವೇಲಚೇರಿಯಲ್ಲಿ ಹಗಲಾದರೆ ವಾಚ್ ರಿಪೇರಿಯವರು, ಮೊಬೈಲ್ ಅಂಗಡಿಯವರು ಇದ್ದೇ ಇದ್ದಾರೆ. ಪುರುಸೊತ್ತಿದ್ದರೆ ಎಂಆರ್‌ಟಿಎಸ್ ರೈಲು ಹತ್ತಿ ಚಿಂತಾದ್ರಿಪೇಟೆಯಲ್ಲಿ ಇಳಿದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ರಿಚಿ ಸ್ಟ್ರೀಟಿಗೆ ನಡೆಯಿರಿ. ಎಲೆಕ್ಟ್ರಾನಿಕ್ಸ್ ಹುಚ್ಚಿನವರಿಗೆ ಸೆಲ್ ಒಂದು ನೆಪ. ರಾತ್ರಿ ಹತ್ತರ ಮೇಲಾದರೆ ನೆಂಟರ ಮನೆಯನ್ನೇ ತಡಕಬೇಕು. ಚಿಕ್ಕಪ್ಪ ಸಕ್ಕರೆ ಪರೀಕ್ಷಿಸಿಕೊಳ್ಳುವ ಗ್ಲುಕೋಮೀಟರಿನೊಳಗೆ ಇದೇ ಸೆಲ್ ಇರುವ ಸಂಭವ ಹೆಚ್ಚು. ಕೇಳಿ ತೆಗೆದುಕೊಳ್ಳಿ, ಬೆಳಗಿನ ಪರೀಕ್ಷೆಯ ಹೊತ್ತಿಗೆ ಹೊಸದು ತಂದಿಡಿ.

ಸೆಲ್ ಬೇಗ ಸಾಯುವುದಕ್ಕೆ ನಮ್ಮ ಅಭ್ಯಾಸವೂ ಕಾರಣ. ಟಿವಿ, ಕಂಪ್ಯೂಟರುಗಳ ಪಕ್ಕ ಇಟ್ಟ ಕೀ ಅವುಗಳ ಅಲೆಗಳಿಂದ ಸುಮ್ಮಸುಮ್ಮನೆ ಎಚ್ಚರಗೊಳ್ಳುತ್ತಿರುತ್ತದೆ. ಎರಡು ವರ್ಷ ಬರಬೇಕಾದದ್ದು ಅಷ್ಟು ದಿನ ಬಾಳುವುದಿಲ್ಲ.

ಇನ್ನೊಂದು ಪೇಚು ಸೆಲ್ಲಿಗೆ ಸಂಬಂಧಿಸಿದ್ದಲ್ಲ, ಆದರೂ ಹೇಳಿಬಿಡುತ್ತೇನೆ. ಒಮ್ಮೆ ಸ್ಟಾರ್ಟ್ ಆದ ಕೀಲೆಸ್ ಗಾಡಿ, ಕೀ ದೂರವಾಯಿತೆಂದು ನಡುರಸ್ತೆಯಲ್ಲಿ ನಿಲ್ಲುವುದಿಲ್ಲ. ನಿಂತರೆ ಅಪಾಯವಲ್ಲವೇ, ಎಚ್ಚರಿಕೆಯ ದೀಪ ತೋರಿಸಿ ಓಡುತ್ತಲೇ ಇರುತ್ತದೆ. ಹೆಂಡತಿಯನ್ನು ವೇಲಚೇರಿಯ ಫೀನಿಕ್ಸ್ ಮಾಲ್ ಎದುರು ಇಳಿಸಿ, ಆ ದೀಪ ಗಮನಿಸದೆ ತಾಂಬರಂವರೆಗೆ ಹೋಗಿ, ಪೆಟ್ರೋಲ್ ಬಂಕಿನಲ್ಲಿ ಎಂಜಿನ್ ಆರಿಸಿದಿರಿ ಅನ್ನಿ. ಕೀ ಅವರ ವ್ಯಾನಿಟಿ ಬ್ಯಾಗಿನಲ್ಲಿ ಭದ್ರವಾಗಿರುತ್ತದೆ, ಹೊಸ ಸೆಲ್ಲಿನೊಂದಿಗೆ.